ಬೋರ್ ನೀರಿನ ಊರಲ್ಲಿ ಬಾಟ್ಲಿ ಆರ್ಕಿಡ್ ಬೆಳೆಸೋದು ಹೆಂಗೆ

ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಲ್ಯಾಬಿಂದ ಬಾಟ್ಲಿಲಿ ಬರೋ ಆರ್ಕಿಡ್ ಸಸಿ ತರಿಸೋಕೆ ಮುಂಚೆ ಇನ್ನೂರು ಮುನ್ನೂರು ರೂಪಾಯಿ ಹಾಕಿ ಒಂದು ಟಿಡಿಎಸ್ ಮೀಟರ್ ತಗೊಳ್ರಿ, ಒಂದು ಲೀಟರ್ ನೀರಲ್ಲಿ ಎಷ್ಟು ಮಿಲಿಗ್ರಾಂ ಉಪ್ಪು ಕರಗಿದೆ ಅಂತ ತೋರಿಸೋದು ಅದು. ಪಾಟು, ಗೊಬ್ಬರ, ನೆಡೋಕೆ ಬೇಕಾದ ಮಾಸ್ (ಒಣ ಪಾಚಿ) ಎಲ್ಲ ಆಮೇಲೆ. ದಾವಣಗೆರೆಯಲ್ಲಿ ಆರ್ಕಿಡ್ ಸಾಯೋದು ಬಿಸಿಲಿಗೆ ಅಂತ ಎಲ್ಲರೂ ಅನ್ಕೊಂಡಿರ್ತಾರೆ, ನಾನೂ ಹಂಗೇ ಅನ್ಕೊಂಡು ಮೊದಲ್ನೇ ವರ್ಷ ಟೆರೇಸಿನ ಮೇಲೆ ಎರಡು ಪದರ ನೆರಳಿನ ನೆಟ್ ಕಟ್ಟಿ ಕತ್ಲೆ ಕೋಣೆ ಮಾಡ್ಕೊಂಡು ಕೂತಿದ್ದೆ, ಆದ್ರೂ 25 ಸಸಿಲಿ 17 ಎರಡೇ ತಿಂಗಳಿಗೆ ಹೋದ್ವು. ಎಲೆ ತುದಿ ಕಪ್ಪಗಾಗೋದು, ಬೇರಿನ ತುದಿ ಸುಟ್ಟಂಗೆ ಕಂದಾಗಿ ನಿಂತ್ಬಿಡೋದು, ಆಮೇಲೆ ಇಡೀ ಗಿಡ ಒಂದಿನ ಹಳದಿ. ಯಾರೋ ಹೇಳಿದ್ರು ಅಂತ ಮೀಟರ್ ತರಿಸಿ ನಮ್ಮ ಬೋರ್ ನೀರಿಗೆ ಅದ್ದಿದೆ, 940 ತೋರಿಸ್ತು. ಆರ್ಕಿಡ್ ಮರಿಗೆ 150ರ ಒಳಗೆ ಇದ್ರೆ ಚೆಂದ, 200 ದಾಟಿದ್ರೆ ಹುಷಾರಾಗಿರ್ಬೇಕು. ನಾನು ದಿನಾ ಬೆಳಗ್ಗೆ ಎದ್ದು ಪ್ರೀತಿಯಿಂದ ಉಪ್ಪುನೀರು ಕುಡಿಸ್ತಿದ್ದೆ ಅಂತ ಆವಾಗ ಗೊತ್ತಾಯ್ತು.

ಉಳಿದ 8ರಲ್ಲಿ 6 ಇವತ್ತಿಗೂ ಇದಾವೆ, ಆಮೇಲೆ ಇನ್ನೊಂದು ಬಾಟ್ಲಿ ತರಿಸಿದ್ದರಲ್ಲಿ 30ಕ್ಕೆ 26 ಉಳಿದ್ವು. ಅದೇ ಟೆರೇಸು, ಅದೇ ಬಿಸಿಲು, ನೀರು ಮಾತ್ರ ಬೇರೆ. ಅದ್ಕೇ ಇದನ್ನ ಬರೀತಿರೋದು.

ಯಾವ ಗಿಡ ಅಂದ್ರೆ ಫೆಲನಾಪ್ಸಿಸ್ ಇಕ್ವೆಸ್ಟ್ರಿಸ್. ನರ್ಸರಿಲಿ, ಮದುವೆ ಸ್ಟೇಜಲ್ಲಿ ಕಾಣ್ತವಲ್ಲ ಅಂಗೈ ಅಗಲದ ಬಿಳಿ ಹೂವಿನ ಆರ್ಕಿಡ್ಡು, ಅದೇ ಕುಲ, ಆದ್ರೆ ಇದು ಹೈಬ್ರಿಡ್ ಅಲ್ಲ, ಕಾಡಿನ ಜಾತಿ. ಫಿಲಿಪ್ಪೀನ್ಸು, ತೈವಾನ್ ಕಡೇದು. ಹೂವು ಎರಡೂವರೆಯಿಂದ ಮೂರು ಸೆಂಟಿಮೀಟರ್ ಅಷ್ಟೇ, ನಮ್ಮ ಹತ್ತು ರೂಪಾಯಿ ಕಾಯಿನ್ ಇಟ್ರೆ ಮುಚ್ಚೋಗ್ತದೆ. ತಿಳಿ ಗುಲಾಬಿ, ಮಧ್ಯದ ತುಟಿಯಂಥ ಎಸಳು ಮಾತ್ರ ಗಾಢ. ಒಂದೊಂದು ದಂಟಲ್ಲಿ ಹತ್ತು ಹದಿನೈದು ಹೂವು ಒಂದಾದ್ಮೇಲೆ ಒಂದು ಬರ್ತಾನೇ ಇರ್ತವೆ. ಮಾರ್ಕೆಟ್ಟಲ್ಲಿ ಸಿಗೋ ಸಣ್ಣ ಹೂವಿನ ಗೊಂಚಲು ಹೈಬ್ರಿಡ್‌ಗಳ ವಂಶದಲ್ಲಿ ಎಷ್ಟೋ ಕಡೆ ಇದೇ ಅಜ್ಜಿ. ಫಿಲಿಪ್ಪೀನ್ಸ್ ಕಾಡಿಂದ ಬಂದಿದ್ದ ಇಂಟರ್ಮೀಡಿಯಾ ಅನ್ನೋ ಇದೇ ಕುಲದ ಗಿಡ ನೋಡಿ ಲಿಂಡ್ಲೆ ಅನ್ನೋ ಸಸ್ಯಶಾಸ್ತ್ರಜ್ಞ 1853ರಲ್ಲೇ ಇದು ಎರಡು ಜಾತಿ ಕೂಡಿ ಹುಟ್ಟಿರ್ಬೇಕು ಅಂತ ಊಹೆ ಮಾಡಿದ್ದ, 1886ರಲ್ಲಿ ಇಂಗ್ಲೆಂಡಿನ ವೀಚ್ ನರ್ಸರಿಯವ್ರು ಇಕ್ವೆಸ್ಟ್ರಿಸ್‌ನ ಅಫ್ರೊಡೈಟ್ ಜಾತಿ ಜೊತೆ ಕ್ರಾಸ್ ಮಾಡಿ ಅದೇ ಗಿಡ ಹೂ ಬಿಡಿಸಿ ತೋರಿಸಿದ್ರು. ಆರ್ಕಿಡ್‌ಗಳಲ್ಲಿ ಮೊದಲು ಪೂರ್ತಿ ಜೀನೋಮ್ (ವಂಶವಾಹಿಗಳ ಬರಹ) ಓದಿದ್ದೂ ಇದರದ್ದೇ, 2014ರ ಕೊನೆಗೆ. ಇಷ್ಟು ದೊಡ್ಡ ಹೆಸರಿದ್ರೂ ಗಿಡ ಮಾತ್ರ ಊಟದ ತಟ್ಟೆಗಿಂತ ದೊಡ್ಡದಾಗಲ್ಲ, ಅಡುಗೆಮನೆ ಕಿಟಕಿಗೂ ಆಗ್ತದೆ.

ನಮ್ಮೂರಿಗೆ ಇದೇ ಯಾಕೆ ಅಂದ್ರೆ ಇದು ಬೆಚ್ಚಗಿನ ಜಾಗದ ಗಿಡ. ಹಗಲು 25ರಿಂದ 32 ಡಿಗ್ರಿ ಖುಷಿ, 36-37 ಆದ್ರೂ ನೆರಳು ತೇವ ಇದ್ರೆ ತಡ್ಕೊಳ್ತದೆ. ಸಿಕ್ಕಿಂ, ಡಾರ್ಜಿಲಿಂಗ್ ಕಡೆ ತಂಪಿನ ಆರ್ಕಿಡ್‌ಗಳನ್ನ ಫೋಟೋ ನೋಡಿ ತರಿಸ್ಬೇಡ್ರಿ, ಏಪ್ರಿಲ್ ಮುಗಿಯೋದ್ರೊಳಗೆ ತಿಥಿ ಮಾಡ್ಬೇಕಾಗ್ತದೆ. ಹಂಗೇ ಮಲೆನಾಡಿಗೆ ಹೋದಾಗ ಮರದ ಮೇಲಿರೋ ಸೀತಾಳೆ ದಂಡೆ ಆರ್ಕಿಡ್ ಕಿತ್ಕೊಂಡು ಬರೋದು ಬೇಡ್ವೇ ಬೇಡ, ಕಾಡಿಂದ ಕೀಳೋದು ತಪ್ಪು. ನರ್ಸರಿಯಿಂದ ಬಿಲ್ ಸಮೇತ ಬಾಟ್ಲಿ ತಗೊಳ್ರಿ.

ಬಾಟ್ಲಿ ಯಾಕೆ, ಬೀಜ ಯಾಕಲ್ಲ ಅಂತ ಕೇಳ್ತೀರ. ಆರ್ಕಿಡ್ ಬೀಜ ಅಂದ್ರೆ ಧೂಳು ಕಣ್ರೀ, ಒಂದು ಕಾಯಿಲಿ ಸಾವಿರಗಟ್ಲೆ, ಕೆಲವು ಜಾತಿಲಿ ಲಕ್ಷಗಟ್ಲೆ. ಆದ್ರೆ ಭತ್ತದ ಕಾಳಲ್ಲಿ ಅಕ್ಕಿ ಇದ್ದಂಗೆ ಅದ್ರೊಳಗೆ ಊಟ ಇಲ್ಲ. ಕಾಡಲ್ಲಿ ಒಂದು ಜಾತಿ ಫಂಗಸ್ ಬಂದು ಅದಕ್ಕೆ ಊಟ ಕೊಟ್ರೆ ಮಾತ್ರ ಮೊಳಕೆ. 1922ರಲ್ಲಿ ಅಮೆರಿಕದ ನಡ್ಸನ್ ಅನ್ನೋರು ಫಂಗಸ್ ಇಲ್ದೆ ಸಕ್ಕರೆ ಹಾಕಿದ ಅಗರ್ ಅನ್ನೋ ಜೆಲ್ಲಿ ಮೇಲೆ ಬೀಜ ಮೊಳಕೆ ಬರಿಸಿ ತೋರಿಸಿದ್ರು, ಅವತ್ತಿಂದ ಲ್ಯಾಬಿನ ಬಾಟ್ಲಿಯೇ ಇದ್ರ ಸಸಿ ಮಡಿ. ನಮಗೆ ಕೈಗೆ ಬರೋದು ಬಾಟ್ಲಿ ಒಳಗೆ ಜೆಲ್ಲಿ ಮೇಲೆ ಎರಡು ಮೂರು ಎಲೆ ಬಿಟ್ಕೊಂಡು ನಿಂತಿರೋ ಮರಿಗಳು. ಮೊದಲ್ನೇ ಸಲ ಬಂದಾಗ ನಮ್ಮತ್ತೆ ಬಾಟ್ಲಿ ಎತ್ತಿ ಬೆಳಕಿಗೆ ಹಿಡ್ದು ನೋಡಿ "ಏನವ್ವಾ ಇದು, ಉಪ್ಪಿನಕಾಯಿಗೆ ಬೂಷ್ಟು ಬಂದಂಗೈತೆ, ಇದ್ಕೆ ಸಾವಿರದಿನ್ನೂರಾ" ಅಂದ್ರು. ಈಗ ಹೂವಿನ ಮುಂದೆ ಕೂತು ಕಾಫಿ ಕುಡಿಯೋರು ಅವ್ರೇ.

ಬಾಟ್ಲಿ ಯಾವಾಗ ತರಿಸ್ಬೇಕು ಅನ್ನೋದು ಬಾಳ ಮುಖ್ಯ. ಜೂನ್ ಕೊನೆಯಿಂದ ಆಗಸ್ಟ್ ಒಳಗೆ. ಆವಾಗ ನಮ್ಮಲ್ಲಿ ಮೋಡ, ಗಾಳಿಲಿ ತೇವ, ಬಿಸಿಲು ಮೆತ್ತಗೆ. ಫೆಬ್ರವರಿಯಿಂದ ಮೇ ತನಕ ಎಷ್ಟೇ ಡಿಸ್ಕೌಂಟ್ ಕೊಟ್ರೂ ಬೇಡ. ನಾನು ಒಂದು ಸಲ ಮೇ ತಿಂಗಳಲ್ಲಿ ಆಸೆಗೆ ಆರ್ಡರ್ ಮಾಡಿದೆ, ಕೊರಿಯರ್‌ನೋರು ಎರಡು ದಿನ ಬಿಸಿಲಲ್ಲಿ ನಿಂತ ವ್ಯಾನಲ್ಲಿ ಇಟ್ಟಿದ್ರೋ ಏನೋ, ಬಾಕ್ಸ್ ತೆಗೆದ್ರೆ ಪಾಲಕ್ ಸೊಪ್ಪು ಬೇಯಿಸಿದಂಗಿತ್ತು.

ಬಾಟ್ಲಿ ಬಂದ ತಕ್ಷಣ ಒಡೀಬೇಡ್ರಿ. ಮುಂದೆ ಸಸಿ ಎಲ್ಲಿ ಇಡ್ತೀರೋ ಅದೇ ಜಾಗದ ಬೆಳಕಲ್ಲಿ, ನೇರ ಬಿಸಿಲು ಬೀಳ್ದಂಗೆ, ಒಂದು ವಾರ ಹತ್ತು ದಿನ ಸುಮ್ನೆ ಇಡ್ರಿ. ದಾರಿಲಿ ಅಲ್ಲಾಡಿ ಜೆಲ್ಲಿ ಕಲಸಿಹೋಗಿದ್ರೆ, ಇಲ್ಲ ಒಳಗೆ ಬಿಳಿ ಹಸಿರು ಬೂಷ್ಟು ಕಂಡ್ರೆ ಮಾತ್ರ ಅವತ್ತೇ ತೆಗೀಬೇಕು, ಕಾಯೋಕೆ ಟೈಮಿಲ್ಲ.

ತೆಗೆಯೋ ದಿನ ಬೆಳಗ್ಗೆ ಪುರುಸೊತ್ತಾಗಿ ಕೂತ್ಕೊಳ್ರಿ, ಎರಡು ಗಂಟೆ ಕೆಲಸ ಐತೆ. ಎರಡು ಅಗಲ ಬೋಗುಣಿ ತುಂಬ ಮಳೆ ನೀರು, ಹಳೇ ಪೇಪರ್, ಮೆತ್ತನೆ ಡ್ರಾಯಿಂಗ್ ಬ್ರಷ್, ಒಂದು ಚಿಮ್ಮಟ. ಅಗಲ ಬಾಯಿ ಬಾಟ್ಲಿ ಆದ್ರೆ ಅರ್ಧ ನೀರು ಹಾಕಿ ಮೆಲ್ಲಗೆ ತಿರುಗಿಸ್ತಾ ಹೋದ್ರೆ ಜೆಲ್ಲಿ ಸಡಿಲ ಆಗ್ತದೆ, ನೀರು ಸಮೇತ ಬೋಗುಣಿಗೆ ಸುರೀಬಹುದು. ಕಿರಿದು ಬಾಯಿದಾದ್ರೆ ಚಿಮ್ಮಟದಲ್ಲಿ ಎಳೆಯೋಕೆ ಹೋಗ್ಬೇಡ್ರಿ, ಎಲೆ ಹರೀತವೆ. ಪೇಪರ್ ಸುತ್ತಿ ಅದ್ರ ಮೇಲೆ ದಪ್ಪ ಬಟ್ಟೆ ಸುತ್ತಿ ಸುತ್ತಿಗೆಲಿ ಒಂದೇ ಏಟು, ಜೋರಾಗಲ್ಲ, ಬಾಟ್ಲಿ ಬಿರುಕು ಬಿಡೋಷ್ಟು. ಚೂರು ಆರಿಸುವಾಗ ಕೈ ಜೋಪಾನ.

ಆಮೇಲೆ ತೊಳೆಯೋದು. ಇಲ್ಲೇ ಬಹಳ ಜನ ಅವಸರ ಮಾಡೋದು. ಆ ಜೆಲ್ಲಿಲಿ ಸಕ್ಕರೆ ಇರ್ತದೆ, ಬೇರಲ್ಲಿ ಕಡ್ಲೆಕಾಳಷ್ಟು ಉಳಿದ್ರೂ ಹೊರಗಿನ ಗಾಳಿ ಸೋಕಿದ್ಮೇಲೆ ಅದೇ ಜಾಗದಲ್ಲಿ ಬೂಷ್ಟು ಬಂದು ಗಿಡ ಕೊಳೀತದೆ. ಒಂದೊಂದೇ ಸಸಿ ಎಡಗೈ ಬೆರಳ ಮೇಲೆ ಮಲಗಿಸ್ಕೊಂಡು ಬ್ರಷ್‌ನಿಂದ ಬೇರಿನ ಬುಡದಿಂದ ತುದಿ ಕಡೆಗೆ ಸವರ್ರಿ, ಉಲ್ಟಾ ಸವರಿದ್ರೆ ತುದಿ ಮುರೀತದೆ. ಜೆಲ್ಲಿ ಕಣ್ಣಿಗೆ ಕಾಣಲ್ಲ, ನೀರಲ್ಲಿ ನೀರಿನ ಥರಾನೇ ಇರ್ತದೆ, ಆದ್ರೆ ಬೆರಳಿಗೆ ಲೋಳೆಸರದ ಹಂಗೆ ಜಾರ್ತದೆ, ಆ ಜಾರಿಕೆ ಹೋಗೋ ತನಕ ತೊಳೀಬೇಕು. ನೀರು ಮೂರು ಸಲ ಬದಲಾಯಿಸ್ರಿ. ಬೇರುಗಳು ಒಂದಕ್ಕೊಂದು ಶಾವಿಗೆ ಥರ ಹೆಣ್ಕೊಂಡಿದ್ರೆ ಬಿಡಿಸೋಕೆ ಗುದ್ದಾಡ್ಬೇಡ್ರಿ, ಎರಡು ಮೂರು ಒಟ್ಟಿಗೇ ನೆಡ್ರಿ, ಆರು ತಿಂಗಳಾದ್ಮೇಲೆ ನೋಡ್ಕೊಳ್ಳೋಣ.

ತೊಳೆದಾದ್ಮೇಲೆ ಕೃಷಿ ಅಂಗಡಿಲಿ ಸಿಗೋ ಕಾರ್ಬೆಂಡಜಿಂ ಮ್ಯಾಂಕೋಜೆಬ್ ಎರಡೂ ಸೇರಿರೋ ಪುಡಿ ಲೀಟರಿಗೆ ಒಂದು ಗ್ರಾಂ ಕದಡಿ ಐದು ನಿಮಿಷ ಸಸಿ ಅದ್ದಿ ತೆಗೀರಿ. ಗ್ಲೌಸ್ ಹಾಕ್ಕೊಂಡೇ ಮಾಡ್ರಿ, ಮಕ್ಕಳು ಓಡಾಡೋ ಜಾಗದಲ್ಲಿ ಬೇಡ, ಆ ಬೋಗುಣಿ ಮತ್ತೆ ಅಡುಗೆಗೂ ಬೇಡ. ಆಮೇಲೆ ಪೇಪರ್ ಮೇಲೆ ಸಾಲಾಗಿ ಮಲಗಿಸ್ರಿ. ಗಾಜಿನ ಕಡ್ಡಿ ಥರ ಹೊಳೀತಿದ್ದ ಬೇರು ಅರ್ಧ ಗಂಟೆಲಿ ಮಬ್ಬಾಗ್ತದೆ, ಅಷ್ಟು ಆರಿದ್ರೆ ಸಾಕು. ಜಾಸ್ತಿ ಒಣಗಿಸ್ಬಾರ್ದು, ಯಾಕಂದ್ರೆ ಬಾಟ್ಲಿ ಒಳಗೆ ಪೂರ್ತಿ ತೇವದಲ್ಲಿ ಬೆಳೆದ ಎಲೆ ಅದು, ಮೈಮೇಲಿನ ಮೇಣದ ಪದರ ತೆಳು, ಎಲೆ ರಂಧ್ರ ಮುಚ್ಕೊಳ್ಳೋದನ್ನ ಇನ್ನೂ ಕಲ್ತಿಲ್ಲ. ನಮ್ಮ ಗಾಳಿಗೆ ಬಿಟ್ರೆ ಸಂಜೆಯೊಳಗೆ ಬಾಡಿ ಬಟ್ಟೆ ಆಗ್ತದೆ.

ನೆಡೋದಕ್ಕೆ ಒಂದೊಂದು ಸಸಿಗೆ ಒಂದೊಂದು ಪಾಟ್ ಬೇಡ ಈಗ್ಲೇ. ನಾಲ್ಕಿಂಚಿನ ಪಾಟಲ್ಲಿ ಎಂಟು ಹತ್ತು ಒಟ್ಟಿಗೆ, ದೊಡ್ಡವು ಒಂದ್ಕಡೆ ಚಿಕ್ಕವು ಒಂದ್ಕಡೆ. ಒಟ್ಟಿಗೆ ಇದ್ರೆ ತೇವ ಒಂದೇ ಸಮ ಇರ್ತದೆ. ಬುಡದಲ್ಲಿ ಇದ್ದಿಲು ಚೂರು, ಮೇಲೆ ಎರಡು ಇಂಚು ಸ್ಫ್ಯಾಗ್ನಮ್ ಮಾಸ್, ನೆನೆಸಿ ಚೆನ್ನಾಗಿ ಹಿಂಡಿ ಸಡಿಲವಾಗಿ. ಅದುಮಿ ಅದುಮಿ ತುಂಬಿದ್ರೆ ಒಳಗೆ ಗಾಳಿ ಆಡಲ್ಲ, ಬೇರು ಕೊಳೀತದೆ. ಇದ್ದಿಲು ನಾನು ಇಸ್ತ್ರಿ ಅಂಗಡಿಯವ್ರ ಹತ್ರ ತರ್ತೀನಿ, ಬಟಾಣಿ ಕಾಳಿಂದ ಕಡ್ಲೆ ಬೀಜದಷ್ಟು ಸೈಜಿಗೆ ಕುಟ್ಟಿ, ಜರಡಿ ಹಿಡ್ದು ಪುಡಿ ಬೂದಿ ಎಲ್ಲ ತೆಗ್ದು, ಎರಡು ಸಲ ತೊಳ್ದು. ನಮ್ಮೂರಲ್ಲಿ ಮಂಡಕ್ಕಿ ಭಟ್ಟಿಗಳಲ್ಲಿ ಸುಟ್ಟ ಹೊಟ್ಟು ರಾಶಿ ರಾಶಿ ಪುಕ್ಸಟ್ಟೆ ಸಿಗ್ತದಲ್ಲ, ಅದನ್ನ ಹಾಕ್ಬಹುದಾ ಅಂತ ನಂಗೂ ಆಸೆ ಆಗಿತ್ತು, ಹಾಕೂ ನೋಡಿದೆ, ಬೇಡ. ಬಾಳ ನಯ, ನೀರು ಬಿದ್ರೆ ಕೆಸರಾಗ್ತದೆ. ಗುಲಾಬಿ ಮಣ್ಣಿಗೆ ಹಾಕ್ಕೊಳ್ರಿ ಅದನ್ನ.

ಈಗ ಮನೆಲಿ ಬಟ್ಟೆ ಇಡೋ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ಬರ್ತದಲ್ಲ ಮುಚ್ಚಳ ಇರೋದು, ಅದ್ರೊಳಗೆ ಪಾಟ್ ಇಟ್ಟು ಮುಚ್ಚಿ. ಮೊದಲ ವಾರ ನೀರು ಹೊಯ್ಯೋದೇ ಬೇಡ, ಬೆಳಗ್ಗೆ ಒಂದು ಸಲ ಸ್ಪ್ರೇ ಬಾಟ್ಲಿಲಿ ಮಂಜು ಹಾಕಿದಂಗೆ ಎರಡು ಪಂಪು. ಎರಡ್ನೇ ವಾರ ಮುಚ್ಚಳ ಒಂದು ಬೆರಳು ಸರಿಸ್ರಿ, ಮೂರ್ನೇ ವಾರ ಅರ್ಧ, ನಾಲ್ಕ್ನೇ ವಾರಕ್ಕೆ ತೆಗೆದಿಡ್ರಿ. ಇಡೋ ಜಾಗ ಪೂರ್ವದ ಕಿಟಕಿ ಪಕ್ಕ, ಆದ್ರೆ ಬಿಸಿಲು ನೇರ ಡಬ್ಬದ ಮೇಲೆ ಬೀಳ್ಬಾರ್ದು. ಮುಚ್ಚಿದ ಡಬ್ಬ ಬಿಸಿಲಿಗೆ ಸಿಕ್ರೆ ಇಡ್ಲಿ ಪಾತ್ರೆ ಆಗ್ತದೆ, ಇಪ್ಪತ್ತು ನಿಮಿಷ ಸಾಕು. ಬೆಳಕು ಅಳೆಯೋಕೆ ಫೋನಲ್ಲಿ ಲಕ್ಸ್ ಮೀಟರ್ ಆಪ್ ಐತೆ, ಮರಿಗಳಿಗೆ ಐದು ಸಾವಿರದಿಂದ ಎಂಟು ಸಾವಿರ ಲಕ್ಸ್, ಬೆಳೆದ ಗಿಡಕ್ಕೆ ಹತ್ತರಿಂದ ಹದಿನೈದು ಸಾವಿರ. ಆಪ್ ಕರಾರುವಾಕ್ಕಾಗಿ ತೋರಿಸಲ್ಲ, ಅಂದಾಜಿಗೆ ಸಾಕು. ಆಪ್ ಬೇಡ ಅಂದ್ರೆ ಎಲೆ ನೋಡ್ರಿ, ಮಾವಿನ ಎಲೆ ಥರ ಕಡು ಹಸಿರು ಆದ್ರೆ ಕತ್ಲೆ ಜಾಸ್ತಿ, ಹಳದಿ ತಿರುಗಿ ಕೆಂಪು ಬಂದ್ರೆ ಬಿಸಿಲು ಜಾಸ್ತಿ.

ಈಗ ನೀರಿನ ವಿಷ್ಯಕ್ಕೆ ಬರ್ತೀನಿ, ಇದೇ ಈ ಬರಹದ ಅರ್ಧ ಜೀವ.

ಬೋರ್ ನೀರಲ್ಲಿ ಕರಗಿರೋ ಉಪ್ಪು ಸುಣ್ಣ ಎಲ್ಲ ಪಾಟು ಒಣಗಿದಾಗ ಆವಿ ಆಗಿ ಹೋಗಲ್ಲ, ಅಲ್ಲೇ ಕೂರ್ತದೆ. ಬಚ್ಚಲ ಬಕೆಟ್ಟಿಗೆ ಬಿಳಿ ಪೊರೆ ಕಟ್ತದಲ್ಲ, ಅದೇ ಪೊರೆ ಇದ್ದಿಲ ಮೇಲೆ, ಮಾಸ್ ಮೇಲೆ, ಬೇರಿನ ಮೇಲೂ. ಮಣ್ಣಲ್ಲಿ ಬೆಳೆಯೋ ದಾಸವಾಳಕ್ಕೆ ಅದು ಲೆಕ್ಕಕ್ಕಿಲ್ಲ, ಮಣ್ಣು ತಡ್ಕೊಳ್ತದೆ. ಆರ್ಕಿಡ್‌ಗೆ ಮಣ್ಣೇ ಇಲ್ಲ. ಕಾಡಲ್ಲಿ ಮರದ ತೊಗಟೆ ಮೇಲೆ ಕೂತು ಮಳೆ ನೀರು ಮಾತ್ರ ಕುಡಿದು ಬೆಳೆದ ಜಾತಿ. ಬೇರಿನ ಸುತ್ತ ಸ್ಪಂಜಿನಂಥ ಬಿಳಿ ಪದರ ಇರ್ತದೆ, ನೀರು ಬಿದ್ದ ಕೂಡ್ಲೇ ಹೀರ್ತದೆ, ಉಪ್ಪಿದ್ರೆ ಉಪ್ಪನ್ನೂ ಹೀರ್ತದೆ.

ಹಂಗಾದ್ರೆ ಏನ್ಮಾಡೋದು. ಮಳೆ ನೀರು ಹಿಡಿಯೋದು. ನೂರು ಚದರಡಿ ಶೀಟ್ ಮೇಲೆ 10 ಮಿಲಿಮೀಟರ್ ಮಳೆ ಬಿದ್ರೆ ಹೆಚ್ಚುಕಮ್ಮಿ 90 ಲೀಟರ್ ಬರ್ತದೆ, ಎರಡು ಒಳ್ಳೇ ಮಳೆಗೆ ಒಂದು ಡ್ರಮ್ ತುಂಬ್ತದೆ. ಮೊದಲ್ನೇ ಮಳೆ ಬಿಟ್ಬಿಡ್ರಿ, ಶೀಟಿನ ಧೂಳು ಹಕ್ಕಿ ಹಿಕ್ಕೆ ಎಲ್ಲ ತೊಳ್ದು ಬರ್ತದೆ. ಡ್ರಮ್ ಬಾಯಿಗೆ ಸೊಳ್ಳೆ ಪರದೆ ಕಟ್ಟಿ, ಅದ್ರ ಮೇಲೆ ಮುಚ್ಚಳ, ಬೆಳಕು ಬಿದ್ರೆ ಪಾಚಿ ಬರ್ತದೆ. ನಂದು 200 ಲೀಟರಿನ ಎರಡು ನೀಲಿ ಡ್ರಮ್, ಇಪ್ಪತ್ತು ಮೂವತ್ತು ಗಿಡಕ್ಕೆ ಅಕ್ಟೋಬರಿಂದ ಮೇ ತನಕ ಎಳೀತದೆ, ಅದೂ ಬೆರೆಸಿ ಹಾಕೋದ್ರಿಂದ. ಬೆರೆಸೋ ಲೆಕ್ಕ ಇಷ್ಟೇ, ನಮ್ಮ ಬೋರ್ 940, ಐದು ಚೊಂಬು ಮಳೆ ನೀರಿಗೆ ಒಂದು ಚೊಂಬು ಬೋರ್ ನೀರು ಹಾಕಿದ್ರೆ 160ರ ಹತ್ರ ಬರ್ತದೆ. ಮಳೆ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಷಿಯಂ ಇರಲ್ಲ, ಆ ಒಂದು ಚೊಂಬು ಬೋರಿಂದ ಅದೂ ಸಿಕ್ಕಂಗಾಯ್ತು. ನಲ್ಲಿ ನೀರು, ಅಂದ್ರೆ ಕುಂದವಾಡ ಕೆರೆ ಕಡೆಯಿಂದ ಬರೋದು, ನಮ್ಮ ಬೀದಿಲಿ ನಾನು ಅಳೆದಾಗೆಲ್ಲ 200ರ ಆಸುಪಾಸು ಇತ್ತು, ಅದನ್ನ ಒಂದು ದಿನ ಬಕೆಟ್ಟಲ್ಲಿ ತೆರೆದಿಟ್ಟು ಕ್ಲೋರಿನ್ ವಾಸನೆ ಹೋದ್ಮೇಲೆ ಅರ್ಧಕ್ಕರ್ಧ ಮಳೆ ನೀರು ಬೆರೆಸಿ ಹಾಕ್ಬಹುದು. ಎಸಿಯಿಂದ ತೊಟ್ಟಿಕ್ಕೋ ನೀರೂ ಬೆರೆಸೋಕೆ ಆಗ್ತದೆ.

ಆರ್‌ಓ ಫಿಲ್ಟರ್ ಪೈಪಿಂದ ಸಿಂಕಿಗೆ ಹೋಗೋ ವೇಸ್ಟ್ ನೀರು ಮಾತ್ರ ಹಾಕ್ಬೇಡ್ರಪ್ಪಾ. ಫಿಲ್ಟರ್ ನೀರು ಅಲ್ವಾ ಅಂತ ಬಹಳ ಜನ ಹಾಕ್ತಾರೆ. ಕುಡಿಯೋ ನೀರಿಂದ ತೆಗೆದ ಉಪ್ಪೆಲ್ಲ ಆ ಪೈಪಲ್ಲೇ ಹೋಗೋದು, ಅದು ಬೋರ್ ನೀರಿಗಿಂತ ಕೆಟ್ಟದ್ದು. ನಮ್ಮ ಮನೆಯೋರು ನಾನು ಊರಲ್ಲಿಲ್ದಾಗ ಪಾಪ ಸಹಾಯ ಮಾಡೋಣ ಅಂತ ನಾಲ್ಕು ದಿನ ಅದನ್ನೇ ಹಾಕಿದ್ರು. ಮೀಟರ್ ಅದ್ದಿ ತೋರಿಸಿದೆ, 1500 ದಾಟಿತ್ತು, ಅವತ್ತಿಂದ ಗಿಡ ಮುಟ್ಟಲ್ಲ ಅವ್ರು.

ಎಷ್ಟು ದಿನಕ್ಕೆ ಒಂದು ಸಲ ನೀರು ಅಂತ ಕೇಳ್ಬೇಡ್ರಿ, ಬೇರು ಕೇಳ್ರಿ. ಅದಕ್ಕೇ ಆರು ತಿಂಗಳಾದ್ಮೇಲೆ ಸಸಿಗಳನ್ನ ಪಾರದರ್ಶಕ ಪ್ಲಾಸ್ಟಿಕ್ ಲೋಟಕ್ಕೆ ಹಾಕೋದು, ಜ್ಯೂಸ್ ಅಂಗಡಿ ಲೋಟ ಸಾಕು, ಕಾಯಿಸಿದ ಮೊಳೆಯಿಂದ ಬುಡದಲ್ಲೂ ಪಕ್ಕದಲ್ಲೂ ಎಂಟು ಹತ್ತು ತೂತು. ಬೇರು ಬೆಳ್ಳಿ ಬಣ್ಣ ಕಂಡ್ರೆ ಬಾಯಾರಿಕೆ, ಹಸಿರು ಕಂಡ್ರೆ ಇನ್ನೂ ತೇವ ಐತೆ ಅಂತ. ಇದ್ರ ಬೇರಿಗೂ ಎಲೆ ಥರಾನೇ ಪತ್ರಹರಿತ್ತು ಇರ್ತದೆ, ಬೆಳಕು ಬಿದ್ರೆ ಒಳ್ಳೇದೇ. ಮಳೆಗಾಲದಲ್ಲಿ ಐದಾರು ದಿನಕ್ಕೆ ಬೆಳ್ಳಿ ಆಗ್ತದೆ, ಏಪ್ರಿಲಲ್ಲಿ ದಿನಾ. ಹಾಕುವಾಗ ಚೊಂಬಿಂದ ಚೆನ್ನಾಗಿ ಹೊಯ್ದು ಬುಡದಿಂದ ಪೂರ್ತಿ ಇಳಿದು ಹೋಗ್ಲಿ, ತಟ್ಟೆಲಿ ನಿಲ್ಲಿಸ್ಬೇಡ್ರಿ. ಎಲ್ಲ ಲೋಟ ಒಂದೇ ಬೋಗುಣಿ ನೀರಲ್ಲಿ ಅದ್ದಿ ತೆಗೆಯೋ ಸುಲಭದ ದಾರಿ ಬೇಡ, ಒಂದಕ್ಕೆ ರೋಗ ಇದ್ರೆ ಎಲ್ಲಕ್ಕೂ ಹಂಚಿದಂಗೆ.

ಲೋಟಕ್ಕೆ ಹಾಕುವಾಗ ಇದ್ದಿಲು ಒಂದು ಪಾಲು, ತೆಂಗಿನ ಸಿಪ್ಪೆ ಚೂರು ಒಂದು ಪಾಲು, ಬೇರಿನ ಸುತ್ತ ಮಾತ್ರ ಸ್ವಲ್ಪ ಮಾಸ್. ತೆಂಗಿನ ಸಿಪ್ಪೆ ಹಸೀದು ಹಾಕ್ಬಾರ್ದು, ಒಣಗಿದ್ದನ್ನ ಅರ್ಧ ಇಂಚು ಚೂರು ಮಾಡಿ ವಾರ ನೆನೆಸಿ, ದಿನಾ ನೀರು ಚೆಲ್ಲಿ ಬದಲಾಯಿಸ್ತಾ ಇರ್ಬೇಕು, ಟೀ ಡಿಕಾಕ್ಷನ್ ಥರ ಬರೋ ಬಣ್ಣ ನಿಲ್ಲೋ ತನಕ. ಸಿಪ್ಪೆಲೂ ಉಪ್ಪು ಇರ್ತದೆ ನೋಡ್ರಿ, ಕೊನೇ ನೀರಿಗೆ ಮೀಟರ್ ಅದ್ದಿ ನೋಡಿದ್ರೆ ಗೊತ್ತಾಗ್ತದೆ. ಮರದ ತುಂಡಿಗೆ ಕಟ್ಟಿ ನೇತು ಹಾಕೋ ಫ್ಯಾಷನ್ನು ಮಲೆನಾಡಿನವ್ರಿಗೆ, ನಮ್ಮಲ್ಲಿ ಮರಿ ಗಿಡಕ್ಕೆ ಬೇಡ, ಬೆಳಗ್ಗೆ ನೀರು ಹಾಕಿದ್ರೆ ಹತ್ತು ಗಂಟೆಗೆ ಕರಕಲು.

ಗೊಬ್ಬರಕ್ಕೆ ತಲೆ ಕೆಡಿಸ್ಕೊಳ್ಬೇಡ್ರಿ. ಅಡಿಕೆ ತೋಟಕ್ಕೆ ಡ್ರಿಪ್ಪಲ್ಲಿ ಬಿಡ್ತಾರಲ್ಲ 19:19:19, ಸಾರಜನಕ ರಂಜಕ ಪೊಟ್ಯಾಷ್ ಮೂರೂ ಸಮ ಇರೋ ಪುಡಿ, ಅದೇ. ಬಾಟ್ಲಿಯಿಂದ ತೆಗೆದು ನೆಟ್ಮೇಲೆ ಹೊಸ ಬೇರಿನ ತುದಿ, ಹಸಿರು ಇಲ್ಲ ಕೆಂಪು ಮಿಶ್ರಿತ ಚೂಪು ತುದಿ, ಕಾಣೋ ತನಕ ಏನೂ ಬೇಡ. ಆಮೇಲೆ ಲೀಟರಿಗೆ ಕಾಲು ಗ್ರಾಂ, ಲೋಟಕ್ಕೆ ಬಂದ್ಮೇಲೆ ಅರ್ಧ ಗ್ರಾಂ, ವಾರಕ್ಕೊಂದು ಸಲ. ಕಾಲು ಟೀ ಚಮಚ ಎರಡು ಲೀಟರಿಗೆ ಅಂದ್ರೆ ಹತ್ರತ್ರ ಅದೇ ಲೆಕ್ಕ. ತಿಂಗಳಿಗೊಂದು ಸಲ ಕ್ಯಾಲ್ಸಿಯಂ ನೈಟ್ರೇಟ್ ಲೀಟರಿಗೆ ಅರ್ಧ ಗ್ರಾಂ, ಬೇರೆ ದಿನ, 19:19:19 ಜೊತೆ ಒಟ್ಟಿಗೆ ಗಟ್ಟಿಯಾಗಿ ಕಲಸಿದ್ರೆ ಒಡೆದ ಹಾಲಿನ ಥರ ತಳಕ್ಕೆ ಕೂರ್ತದೆ. ನಾಲ್ಕ್ನೇ ವಾರ ಬರೀ ನೀರು ಜಾಸ್ತಿ ಹೊಯ್ದು ಪಾಟ್ ತೊಳೆದುಬಿಡೋದು. ಸಗಣಿ, ಹಿಂಡಿ, ಅಕ್ಕಿ ತೊಳೆದ ನೀರು, ಬಾಳೆಹಣ್ಣಿನ ಸಿಪ್ಪೆ ಕಷಾಯ, ಯಾವ್ದೂ ಬೇಡ ರೀ, ಹುಳ ಕೊಳೆ ಎರಡನ್ನೂ ಕರೆದು ಕೂರಿಸಿದಂಗೆ.

ಬೇಸಿಗೆ. ಮಾರ್ಚಿಂದ ಮೇ, ಮಧ್ಯಾಹ್ನ 38-39, ಗಾಳಿಲಿ ತೇವ ನಮ್ಮ ಮನೆ ಮೀಟರಲ್ಲಿ 22 ಪರ್ಸೆಂಟ್ ತನಕ ಇಳಿದಿದ್ದು ನೋಡಿದೀನಿ. ಇಲ್ಲಿ ಒಂದು ಗುಟ್ಟು ಗೊತ್ತಿರ್ಬೇಕು. ಈ ಗಿಡ ಹಗಲು ಎಲೆ ರಂಧ್ರ ಮುಚ್ಕೊಂಡಿರ್ತದೆ, ರಾತ್ರಿ ತೆಗೆದು ಉಸಿರಾಡ್ತದೆ, ಕತ್ತಾಳೆ, ಅನಾನಸ್ ಥರ. ಹಂಗಾಗಿ ಮಧ್ಯಾಹ್ನದ ಒಣ ಗಾಳಿಗೆ ಹೆದರಿ ಹನ್ನೆರಡು ಗಂಟೆಗೆ ಎಲೆ ಮೇಲೆ ನೀರು ಎರಚೋದು ದಂಡ, ಸಂಜೆ ಆರರಿಂದ ಬೆಳಗಿನ ತನಕ ಗಾಳಿ ತೇವ ಇರಂಗೆ ನೋಡ್ಕೊಂಡ್ರೆ ಗಿಡ ಬೇಸಿಗೆ ದಾಟ್ತದೆ. ನಾನು ಸ್ಟ್ಯಾಂಡ್ ಕೆಳಗೆ ಇಟ್ಟಿಗೆ ಜೋಡಿಸಿ ಮರಳು ಹಾಕಿ, ಪಶ್ಚಿಮಕ್ಕೆ ಎರಡು ಗೋಣಿಚೀಲ ನೇತು ಹಾಕಿದೀನಿ, ಸಂಜೆ ಅವೆರಡನ್ನೂ ತೋಯಿಸ್ತೀನಿ. ಇದಕ್ಕೆ ಬೋರ್ ನೀರೇ ಸಾಕು, ಯಾಕಂದ್ರೆ ಆವಿ ಆಗೋ ನೀರು ಉಪ್ಪು ಹೊತ್ಕೊಂಡು ಹೋಗಲ್ಲ, ಉಪ್ಪು ಗೋಣಿಲೇ ಉಳೀತದೆ. ಏರ್ ಕೂಲರ್ ಗಾಳಿಯೂ ಅದೇ ಲೆಕ್ಕ, ನಡೀತದೆ. ಆದ್ರೆ ಹೊಗೆ ಥರ ಮಂಜು ಬಿಡೋ ಪುಟ್ಟ ಹ್ಯುಮಿಡಿಫೈಯರ್ ಮಿಷಿನ್‌ಗೆ ಬೋರ್ ನೀರು ಹಾಕ್ಬೇಡ್ರಿ, ಅದು ಕಾಯಿಸಲ್ಲ, ನೀರನ್ನ ಸಣ್ಣ ಹನಿ ಮಾಡಿ ಉಪ್ಪು ಸಮೇತ ಎಸೀತದೆ, ಎರಡೇ ದಿನಕ್ಕೆ ಎಲೆ ಮೇಲೆ ಬಿಳಿ ಪುಡಿ ಕೂರ್ತದೆ. ನೆರಳಿನ ನೆಟ್ 75 ಪರ್ಸೆಂಟ್ ಬಿಸಿಲು ತಡೆಯೋದು ಒಂದು ಪದರ, ಏಪ್ರಿಲ್ ಮೇನಲ್ಲಿ ಅದ್ರ ಮೇಲೆ ಹಳೇ ಕಾಟನ್ ಸೀರೆ ಒಂದು.

ಚಿತ್ರದುರ್ಗದಲ್ಲಿ ನಮ್ಮಣ್ಣನಿಗೂ ಆರು ಸಸಿ ಕೊಟ್ಟಿದ್ದೆ. ಅವ್ನ ಕಷ್ಟ ಬೇರೆ, ಅಲ್ಲಿ ಶಾಖ ನಮ್ಮಷ್ಟಿಲ್ಲ, ಆದ್ರೆ ಗಾಳಿ. ಜೋಗಿಮಟ್ಟಿ ಗುಡ್ಡದ ಮೇಲೆ ವಿಂಡ್‌ಮಿಲ್ ಸುಮ್ನೆ ನಿಲ್ಲಿಸಿದಾರಾ. ಜೂನ್ ಜುಲೈನಲ್ಲಿ ಮಳೆ ಬರ್ದೇ ಬರೀ ಗಾಳಿ ಬೀಸ್ತಾ ಇರ್ತದೆ, ಅವ್ನ ಲೋಟ ದಿನಕ್ಕೆ ಎರಡು ಸಲ ಒಣಗ್ತಿದ್ವು. ಫೋನ್ ಮಾಡಿ "ತಂಗ್ಯವ್ವ, ನಿನ್ ಗಿಡ ಕೋಟೆ ಕಲ್ಲಿಗಿಂತ ಒಣಗೋಗ್ಯಾವೆ" ಅಂದ. ಕೊನೆಗೆ ಬಾಲ್ಕನಿಯಿಂದ ತೆಗ್ದು ಮನೆಯೊಳಗೆ ಹಳೇ ಮೀನಿನ ಗಾಜಿನ ತೊಟ್ಟಿ ಒಳಗೆ ಇಟ್ಟ, ತಳಕ್ಕೆ ಜಲ್ಲಿ, ನೀರು, ಅದ್ರ ಮೇಲೆ ಲೋಟ, ಮೇಲೆ ಬಾಯಿ ತೆರೆದೇ ಇರ್ತದೆ. ಅಲ್ಲಿ ಸುಖವಾಗಿದಾವೆ. ಗಾಳಿ ಜೋರಿರೋ ಮನೆಯವ್ರು ಹಂಗೆ ಮಾಡ್ಕೊಳ್ರಿ.

ರೋಗದ ವಿಷ್ಯದಲ್ಲಿ ಒಂದಕ್ಕೆ ಮಾತ್ರ ನಿಜವಾಗ್ಲೂ ಹೆದರ್ಬೇಕು, ಸುಳಿ ಕೊಳೆ. ಎಲೆಗಳು ಕೂಡೋ ನಡುವಿನ ಸುಳಿಲಿ ರಾತ್ರಿ ನೀರು ನಿಂತ್ರೆ ಬೆಳಗ್ಗೆ ಕಪ್ಪು, ಎಳೆದ್ರೆ ಸುಳಿ ಕೈಗೇ ಬರ್ತದೆ. ಎಲೆಗೆ ನೀರು ಬೀಳೋದಿದ್ರೆ ಬೆಳಗ್ಗೆ ಮಾತ್ರ, ಸಂಜೆ ತೇವ ಗೋಣಿಗೆ, ಗಿಡಕ್ಕಲ್ಲ. ತಪ್ಪಿ ಬಿದ್ರೆ ಟಿಶ್ಯೂ ಪೇಪರ್ ತುದಿ ಸುರುಳಿ ಮಾಡಿ ಹೀರಿಸಿ. ಲೋಟವನ್ನ ಸ್ವಲ್ಪ ಓರೆ ಇಟ್ರೆ ಇನ್ನೂ ಒಳ್ಳೇದು, ಕಾಡಲ್ಲೂ ಇವು ಓರೆಯಾಗೇ ತೂಗ್ತಿರ್ತವೆ. ಬೇಸಿಗೆಲಿ ಎಲೆ ಹಿಂದೆ ಬೆಳ್ಳಗೆ ಗೀಚಿದಂಗೆ ಕಂಡ್ರೆ ನುಸಿ, ಒದ್ದೆ ಬಟ್ಟೆಲಿ ಎರಡೂ ಕಡೆ ಒರೆಸ್ತಾ ಇದ್ರೆ ಹೋಗ್ತದೆ. ಎಲೆ ಸಂದಿಲಿ ಹತ್ತಿ ಥರ ಹಿಟ್ಟು ತಿಗಣೆ ಬಂದ್ರೆ ಕಿವಿ ಕಡ್ಡಿಗೆ ಸ್ಪಿರಿಟ್ ಅದ್ದಿ ಮುಟ್ಟಿಸ್ರಿ. ಮಳೆಗಾಲದಲ್ಲಿ ಬಸವನಹುಳು ರಾತ್ರಿ ಬಂದು ಬೇರಿನ ತುದಿ ತಿಂದೋಗ್ತದೆ, ಟಾರ್ಚ್ ಹಿಡ್ಕೊಂಡು ಹುಡುಕೋದೇ.

ಇನ್ನು ಹೂವು. ದೊಡ್ಡ ಹೈಬ್ರಿಡ್‌ಗಿಂತ ಇದು ಬೇಗ ದೊಡ್ಡದಾಗೋ ಜಾತಿ, ನನ್ನ ಎರಡ್ನೇ ಬಾಟ್ಲಿಯ ಮೊದಲ ಗಿಡ ಎರಡು ವರ್ಷದೊಳಗೇ ದಂಟು ಬಿಡ್ತು, ಎಲೆ ಆವಾಗ ಗೇಣುದ್ದ ಕೂಡ ಇರ್ಲಿಲ್ಲ. ನವೆಂಬರ್ ಕಳೆದು ರಾತ್ರಿ ಚಳಿ ಬಿದ್ದಾಗ ದಂಟು ಬರೋದು, ಅದಕ್ಕೆ ಆವಾಗ ಗಿಡಾನ ಒಳಗೆ ತಂದು ಬೆಚ್ಚಗಿಡ್ಬೇಡ್ರಿ. 16-17 ಡಿಗ್ರಿ ತನಕ ಏನೂ ಆಗಲ್ಲ, ಅದಕ್ಕಿಂತ ಕೆಳಗೆ ಇಳಿದ ರಾತ್ರಿ ಮಾತ್ರ ಒಳಗಿಡ್ರಿ. ಎಲೆ ಬುಡದಿಂದ ಒಂದು ಹಸಿರು ತುದಿ ಹೊರಗೆ ಬರ್ತದೆ, ಬೇರಾ ದಂಟಾ ಅಂತ ಅನುಮಾನ ಬರ್ತದೆ. ಬೇರಿನ ತುದಿ ದುಂಡಗೆ ಹೊಳೀತಾ ಕೆಳಗೆ ಬಾಗ್ತದೆ, ದಂಟಿನ ತುದಿ ಕೈ ಗ್ಲೌಸ್ ಥರ ಮಡಚಿಕೊಂಡಂಗಿದ್ದು ಮೇಲಕ್ಕೆ ನೋಡ್ತದೆ. ದಂಟು ಕಂಡ್ಮೇಲೆ ಲೋಟ ತಿರುಗಿಸ್ತಾ ಇರ್ಬೇಡ್ರಿ, ಬೆಳಕು ಹುಡುಕ್ಕೊಂಡು ದಂಟು ಸೊಟ್ಟಗಾಗ್ತದೆ. ನಂಗೆ ಮೊದಲ ದಂಟಲ್ಲಿ ಬಂದಿದ್ದು ನಾಲ್ಕೇ ಹೂವು. ಜನವರಿ ಬೆಳಗ್ಗೆ ಕನ್ನಡಕ ಹಾಕ್ಕೊಂಡು ಹತ್ರ ಹೋಗಿ ನೋಡಿದ್ರೆ ತುಟಿಯ ನಡುವೆ ಹಳದಿ ಗುಬುಟು, ಅದ್ರ ಮೇಲೆ ಕೆಂಪು ಚುಕ್ಕಿ, ಯಾರೋ ಸೂಜಿ ಮೊನೆಯಿಂದ ಇಟ್ಟಂಗೆ.

ಹೂವು ಉದುರಿದ್ಮೇಲೆ ದಂಟು ಹಸಿರಿದ್ರೆ ಕತ್ತರಿಸ್ಬೇಡ್ರಿ, ಈ ಜಾತಿಲಿ ಇದು ಮುಖ್ಯ. ಅದೇ ದಂಟು ಉದ್ದ ಆಗಿ, ಕವಲೊಡೆದು ಮುಂದಿನ ವರ್ಷವೂ ಹೂ ಬಿಡ್ತದೆ. ಅಷ್ಟೇ ಅಲ್ಲ, ದಂಟಿನ ಗಿಣ್ಣಲ್ಲಿ ಮರಿ ಬರ್ತದೆ, ಆರ್ಕಿಡ್‌ನೋರು ಕೇಕಿ ಅಂತಾರೆ, ಹವಾಯಿ ಭಾಷೆಲಿ ಮಗು ಅಂತ ಅದ್ರ ಅರ್ಥ. ಇಕ್ವೆಸ್ಟ್ರಿಸ್ ಕೇಕಿ ಕೊಡೋದ್ರಲ್ಲಿ ಧಾರಾಳಿ. ಮರಿಗೆ ಎರಡು ಮೂರು ಎಲೆ ಬಂತು ಅಂತ ಕೀಳ್ಬೇಡ್ರಿ, ಬೇರು ಎರಡು ಇಂಚಾಗೋ ತನಕ ತಾಯಿ ಜೊತೇನೇ ಇರ್ಲಿ, ನಮ್ಮ ಒಣ ಹವಾದಲ್ಲಿ ನಾನಂತೂ ಇನ್ನೊಂದು ಲೋಟದಲ್ಲಿ ಮಾಸ್ ತುಂಬಿ ದಂಟು ಬಗ್ಗಿಸಿ ಮರಿ ಬೇರು ಅದ್ರೊಳಗೆ ಇಳಿಯಂಗೆ ಕ್ಲಿಪ್ ಹಾಕ್ತೀನಿ, ಮೂರು ತಿಂಗಳಾದ್ಮೇಲೆ ಎರಡೂ ಕಡೆ ಅರ್ಧ ಇಂಚು ದಂಟು ಬಿಟ್ಟು ಬೆಂಕಿಲಿ ಕಾಯಿಸಿ ಆರಿಸಿದ ಬ್ಲೇಡಿಂದ ಕೊಯ್ತೀನಿ, ಕೊಯ್ದ ಜಾಗಕ್ಕೆ ಅಡುಗೆಮನೆ ದಾಲ್ಚಿನ್ನಿ ಪುಡಿ ಒಂಚೂರು, ಬೇರಿಗೆ ಮಾತ್ರ ತಾಗಿಸ್ಬಾರ್ದು, ಒಣಗಿಸ್ತದೆ.

ಹೋದ ತಿಂಗಳು ಮೊದಲ ಕೇಕಿ ಮರೀನ ನಮ್ಮತ್ತೆ ಹರಿಹರದಲ್ಲಿರೋ ಮಗಳಿಗೆ ತಗೊಂಡು ಹೋದ್ರು. ಲೋಟದ ಜೊತೆ ಎರಡು ಲೀಟರ್ ಬಾಟ್ಲಿಲಿ ಮಳೆ ನೀರೂ ತುಂಬಿ ಕೊಟ್ಟೆ, ಮುಚ್ಚಳದ ಮೇಲೆ ಮಾರ್ಕರಲ್ಲಿ "ಗಿಡಕ್ಕೆ ಮಾತ್ರ" ಅಂತ ಬರೆದೆ. ಖಾಲಿ ಆದ್ಮೇಲೆ ಬಾಟ್ಲಿ ವಾಪಸ್ ಕಳ್ಸಿ ಅಂತಾನೂ ಹೇಳಿದೀನಿ.